ದಾಸ್ತೋವ್ಸ್ಕಿಯ ಕಾದಂಬರಿಗಳನ್ನು ಬರೆದದ್ದು ಅವನ ಕಷ್ಟಗಳೇ?

ಪ್ರಶ್ನೆ: ‘ಅಪರಾಧ ಮತ್ತು ಶಿಕ್ಷೆ’ಯನ್ನು ಈಚೆಗೆ ಓದಿ ಮುಗಿಸಿದೆ. ಲೇಖಕನ ಬಗ್ಗೆ ತಿಳಿಯಲು ಹೊರಟರೆ ಎಲ್ಲ ಕಡೆಯೂ ಒಂದೇ ಕಥೆ: ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬಂದೂಕುಗಳ ಮುಂದೆ ನಿಂತ, ಕೊನೆಯ ಕ್ಷಣದಲ್ಲಿ ಉಳಿದ, ಸೈಬೀರಿಯಾದ ಸೆರೆ, ಮೂರ್ಛೆರೋಗ, ಜೂಜು, ಸಾಲ. ಇಷ್ಟು ನೋವು ಉಂಡಿದ್ದರಿಂದಲೇ ಅಂಥ ಕಾದಂಬರಿಗಳು ಬಂದವು ಎನ್ನುತ್ತಾರೆ. ಇದು ನಿಜವೇ? ನಾನೂ ಸ್ವಲ್ಪ ಬರೆಯುತ್ತೇನೆ. ನನ್ನ ಬದುಕಿನಲ್ಲಿ ಅಂಥದ್ದೇನೂ ಆಗಿಲ್ಲ. ಮುಂದೆ ಅವನ ಯಾವ ಪುಸ್ತಕ ಓದಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗಿಂತ ಅದರ ಹಿಂದಿನ ವಾಕ್ಯ ನನ್ನನ್ನು ಹೆಚ್ಚು ಕಾಡಿತು. ‘ಅಂಥದ್ದೇನೂ ಆಗಿಲ್ಲ’ ಎಂದು ಬರೆದಿದ್ದೀರಿ, ಅದೊಂದು ಕೊರತೆ ಎಂಬಂತೆ. ಅನೇಕ ವರ್ಷಗಳಿಂದ ದಾಸ್ತೋವ್ಸ್ಕಿಯನ್ನು ಓದಿಸುತ್ತಾ ಬಂದಿರುವ ನನಗೆ ಪ್ರತಿ ವರ್ಷವೂ ಇದೇ ಮಾತು ಕೇಳಿಸುತ್ತದೆ. ಹೀಗಾಗಿ ಮೊದಲೇ ಹೇಳಿಬಿಡುತ್ತೇನೆ: ಕಷ್ಟಗಳು ಅವನಿಗೆ ಸಾಮಗ್ರಿ ಕೊಟ್ಟವು, ಅದು ದಿಟ. ಆದರೆ ಬರೆದದ್ದು ಕಷ್ಟಗಳಲ್ಲ. ಎಷ್ಟೋ ಸಲ ಅವು ಬರವಣಿಗೆಯನ್ನು ಕೆಡಿಸಿದವು, ಹಾಗೆಂದು ಅವನೇ ಗೋಳಾಡಿದ್ದಾನೆ.

ಬಂದೂಕಿನ ಪ್ರಸಂಗದಿಂದಲೇ ಶುರು ಮಾಡೋಣ, ಏಕೆಂದರೆ ಅದನ್ನು ಜನ ತಪ್ಪಾಗಿ ಹೇಳುತ್ತಾರೆ. ದಿನ 1849ರ ಡಿಸೆಂಬರ್ 22 (ಆಗಿನ ರಷ್ಯಾದ ಪಂಚಾಂಗ ನಮ್ಮದಕ್ಕಿಂತ 12 ದಿನ ಹಿಂದೆ, ಇಲ್ಲಿ ಆ ಲೆಕ್ಕದ ತಾರೀಖುಗಳನ್ನೇ ಬಳಸುತ್ತೇನೆ). ಸ್ಥಳ ಪೀಟರ್ಸ್‌ಬರ್ಗಿನ ಸೆಮ್ಯೊನೊವ್‌ಸ್ಕಿ ಚೌಕ. ಪೆತ್ರಶೆವ್‌ಸ್ಕಿ ಎಂಬಾತನ ಮನೆಯಲ್ಲಿ ಶುಕ್ರವಾರಗಳಂದು ಸೇರಿ ಸಮಾಜವಾದ, ಜೀತಪದ್ಧತಿ, ಪತ್ರಿಕಾ ಸ್ವಾತಂತ್ರ್ಯ ಎಂದು ಚರ್ಚೆ ನಡೆಸುತ್ತಿದ್ದ ಗುಂಪಿನ ಇಪ್ಪತ್ತರಷ್ಟು ಜನರನ್ನು ಅಲ್ಲಿ ನಿಲ್ಲಿಸಿದ್ದರು. ದಾಸ್ತೋವ್ಸ್ಕಿಯ ಮೇಲಿನ ಮುಖ್ಯ ಆರೋಪ ಕೇಳಿದರೆ ನಗು ಬರುತ್ತದೆ: ವಿಮರ್ಶಕ ಬೆಲಿನ್‌ಸ್ಕಿ ಹೆಸರಾಂತ ಲೇಖಕ ಗೊಗೊಲ್‌ಗೆ ಬರೆದ, ಸರ್ಕಾರ ನಿಷೇಧಿಸಿದ್ದ ಪತ್ರವೊಂದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದ್ದು. ಮರಣದಂಡನೆಯ ತೀರ್ಪನ್ನು ಓದಲಾಯಿತು. ಮೊದಲ ಮೂವರನ್ನು ಕಂಬಗಳಿಗೆ ಕಟ್ಟಿ ಮುಖದ ಮೇಲೆ ಬಟ್ಟೆ ಎಳೆದರು. ದಾಸ್ತೋವ್ಸ್ಕಿ ಆ ಮೂವರಲ್ಲಿ ಇರಲಿಲ್ಲ. ಎರಡನೆಯ ಮೂವರ ಸಾಲಿನಲ್ಲಿದ್ದ. ಕಂಬಕ್ಕೆ ಕಟ್ಟಿಸಿಕೊಳ್ಳಲಿಲ್ಲ, ಪಕ್ಕದ ಇಬ್ಬರು ಗೆಳೆಯರನ್ನು ತಬ್ಬಿಕೊಂಡು ಬೀಳ್ಕೊಟ್ಟು ತನ್ನ ಸರದಿಗೆ ಕಾಯುತ್ತಿದ್ದ. ಆಗ ನಗಾರಿ ಬಡಿಯಿತು, ಕ್ಷಮೆಯ ಕಾಗದ ಬಂತು: ಸಾವಿನ ಬದಲು ಅವನಿಗೆ ಸೈಬೀರಿಯಾದ ಸೆರೆ. ಎಲ್ಲವೂ ಮೊದಲೇ ತೀರ್ಮಾನವಾಗಿದ್ದ ನಾಟಕ. ಅದನ್ನು ಆಡಿಸಿದವನು ಚಕ್ರವರ್ತಿ ಮೊದಲನೆಯ ನಿಕೊಲಾಯ್. ಕಂಬಕ್ಕೆ ಕಟ್ಟಿದ್ದವರಲ್ಲಿ ಗ್ರಿಗೊರ್ಯೆವ್ ಎಂಬಾತನ ಬುದ್ಧಿ ಅಲ್ಲಿಂದ ಮುಂದೆ ಸರಿಹೋಗಲಿಲ್ಲ.

ಅಂದು ಆ ಚೌಕದಲ್ಲಿ ಅಷ್ಟು ಜನ ಒಂದೇ ಸಾವಿನೆದುರು ನಿಂತಿದ್ದರಲ್ಲವೇ? ಅವರಲ್ಲಿ ಲೇಖಕರೂ ಕವಿಗಳೂ ಇದ್ದರು. ‘ಕರಮಜೋವ್ ಸಹೋದರರು’ ಬರೆದವನು ಒಬ್ಬನೇ. ನೋವೇ ಪ್ರತಿಭೆಯಾಗುವುದಾದರೆ ರಷ್ಯಾದ ಸೆರೆಮನೆಗಳು ಮಹಾಕಾದಂಬರಿಗಳಿಂದ ತುಂಬಿ ತುಳುಕಬೇಕಿತ್ತು.

ಇನ್ನೊಂದು ಸಂಗತಿ ಇದೆ, ಇದನ್ನು ಹೇಳುವವರು ಕಡಿಮೆ. ಆ ಚೌಕಕ್ಕೆ ತರುವ ಮೊದಲು ಅವನನ್ನು ಎಂಟು ತಿಂಗಳು ಪೀಟರ್ ಮತ್ತು ಪಾಲ್ ಕೋಟೆಯ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ತೇವ ಹಿಡಿದ ಗೋಡೆ, ದಿನವೂ ವಿಚಾರಣೆಯ ಭಯ. ಅಲ್ಲಿ ಕುಳಿತು ಅವನು ಏನು ಬರೆದ ಗೊತ್ತೇ? ‘ಪುಟ್ಟ ನಾಯಕ’ ಎಂಬ ಕಥೆ. ಬೇಸಗೆ, ಹಳ್ಳಿಯ ಬಂಗಲೆ, ನೆಂಟರಿಷ್ಟರ ಗದ್ದಲ, ಹನ್ನೊಂದರ ಹುಡುಗನೊಬ್ಬನ ಮೊದಲ ಮೋಹ. ಅವನ ಕೃತಿಗಳಲ್ಲೇ ಇಷ್ಟು ಬಿಸಿಲಿರುವ ಕಥೆ ಇನ್ನೊಂದಿಲ್ಲ. ಅಂದರೆ ಅನುಭವವು ಲೇಖನಿಯೊಳಗೆ ನೇರವಾಗಿ ಇಳಿಯುವ ಶಾಯಿಯಲ್ಲ.

ಬರಹಗಾರನಾದದ್ದಂತೂ ಈ ಎಲ್ಲ ವಿಪತ್ತುಗಳಿಗೂ ಮೊದಲೇ. 1821ರಲ್ಲಿ ಮಾಸ್ಕೋದ ಬಡವರ ಆಸ್ಪತ್ರೆಯೊಂದರ ಆವರಣದಲ್ಲಿ ಹುಟ್ಟಿದ. ತಂದೆ ಅಲ್ಲಿನ ವೈದ್ಯ. ಹದಿನಾರು ತುಂಬುವ ಮೊದಲೇ ತಾಯಿ ಕ್ಷಯದಿಂದ ತೀರಿಕೊಂಡಳು. ಪೀಟರ್ಸ್‌ಬರ್ಗಿನಲ್ಲಿ ಸೇನೆಯ ಎಂಜಿನಿಯರಿಂಗ್ ಶಾಲೆಗೆ ಸೇರಿಸಿದರು, ಮನಸ್ಸಿಲ್ಲದೆ ಮುಗಿಸಿದ, ಕೆಲಸಕ್ಕೆ ಸೇರಿದ ಮರುವರ್ಷವೇ ರಾಜೀನಾಮೆ ಕೊಟ್ಟ. 1845ರಲ್ಲಿ ಅವನ ಮೊದಲ ಕಾದಂಬರಿ ‘ಬಡ ಜನ’ದ ಹಸ್ತಪ್ರತಿ ಕೈಗೆ ಸಿಕ್ಕಾಗ ಲೇಖಕ ಗ್ರಿಗೊರೊವಿಚ್ ಮತ್ತು ಕವಿ ನೆಕ್ರಾಸೊವ್ ಹತ್ತು ಪುಟ ನೋಡೋಣ ಎಂದು ಕುಳಿತವರು ರಾತ್ರಿಯೆಲ್ಲ ಓದಿ, ಬೆಳಗಿನ ಜಾವ ನಾಲ್ಕಕ್ಕೆ ಅವನ ಬಾಗಿಲು ತಟ್ಟಿದರು. ಇಪ್ಪತ್ತನಾಲ್ಕು ತುಂಬದ ಹುಡುಗ ದಿನ ಬೆಳಗಾಗುವುದರೊಳಗೆ ‘ಹೊಸ ಗೊಗೊಲ್’ ಎನಿಸಿಕೊಂಡ. ಆ ಹೊಗಳಿಕೆ ತಲೆಗೇರಿತು, ಮರುವರ್ಷದ ‘ಪ್ರತಿರೂಪ’ ಹೊಗಳಿದವರಿಗೇ ರುಚಿಸಲಿಲ್ಲ, ಗೆಳೆಯರು ಗೇಲಿ ಮಾಡಿದರು. ಇವೆಲ್ಲ ಯಾವ ಊರಿನ ಯಾವ ಹೊಸ ಲೇಖಕನಿಗೂ ಆಗುವಂಥವೇ.

ಈಗ ಸೈಬೀರಿಯಾ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಅನುಭವವು ಸಾಹಿತ್ಯವಾಗಲು ಎಷ್ಟು ಕಾಲ ಬೇಕು ಎಂಬುದನ್ನು ಇಲ್ಲಿ ಬಹುತೇಕ ಗಡಿಯಾರ ಹಿಡಿದು ನೋಡಬಹುದು.

ಕಾಲಿಗೆ ಬೇಡಿ ತೊಡಿಸಿ ಜಾರುಬಂಡಿಯಲ್ಲಿ ಅವನನ್ನು ಓಮ್ಸ್ಕ್‌ನ ಸೆರೆಮನೆಗೆ ಸಾಗಿಸಿದರು. ದಾರಿಯಲ್ಲಿ ತೊಬೋಲ್ಸ್ಕ್‌ನಲ್ಲಿ, ಹಿಂದಿನ ತಲೆಮಾರಿನ ಬಂಡಾಯಗಾರರಾದ ಡಿಸೆಂಬರಿಸ್ಟರ ಹೆಂಡಂದಿರು ಒಂದು ಹೊಸ ಒಡಂಬಡಿಕೆಯ ಪ್ರತಿ ಕೊಟ್ಟರು. ರಟ್ಟಿನೊಳಗೆ ಹಣ ಅಡಗಿಸಿಟ್ಟಿದ್ದ ಆ ಪುಸ್ತಕ ಅವನ ಜೊತೆಗೆ ಸಾಯುವ ದಿನದವರೆಗೂ ಇತ್ತು. 1850ರಿಂದ 1854ರವರೆಗೆ ನಾಲ್ಕು ವರ್ಷ: ಕೊಳೆತ ಮರದ ಬರಾಕು, ಇಟ್ಟಿಗೆ ಹೊರುವುದು, ಸುಣ್ಣಕಲ್ಲು ಸುಡುವುದು, ಮಲಗುವಾಗಲೂ ಬಿಚ್ಚದ ಬೇಡಿ. ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಬೇರೆ. ಯಾವ ರೈತರ ಪರವಾಗಿ ಮಾತಾಡಿ ಜೈಲು ಸೇರಿದನೋ ಆ ರೈತ ಕೈದಿಗಳು ಅವನನ್ನು ‘ದೊಡ್ಡ ಮನೆಯವನು’ ಎಂದು ದ್ವೇಷಿಸಿದರು. ಬಿಟ್ಟಿದ್ದರೆ ನಮ್ಮನ್ನು ತಿಂದೇಬಿಡುತ್ತಿದ್ದರು ಎಂಬ ಧಾಟಿಯಲ್ಲಿ ಬಿಡುಗಡೆಯಾದ ಮೇಲೆ ಅಣ್ಣನಿಗೆ ಪತ್ರ ಬರೆದಿದ್ದಾನೆ.

ಅಲ್ಲಿ ಬರೆಯುವುದಕ್ಕೆ ಅನುಮತಿ ಇರಲಿಲ್ಲ. ಆದರೂ ಕೈದಿಗಳ ಬಾಯಿಂದ ಬಿದ್ದ ಗಾದೆ, ಬೈಗುಳ, ಹಾಡಿನ ತುಣುಕು, ಜಗಳದ ಸಾಲು ಎಂದು ಸುಮಾರು 500 ಮಾತುಗಳನ್ನು ಒಂದು ಪುಟ್ಟ ಹೊತ್ತಗೆಯಲ್ಲಿ ಕದ್ದುಮುಚ್ಚಿ ಬರೆದುಕೊಂಡ. ನನ್ನ ಮಟ್ಟಿಗೆ ಅವನ ಸೆರೆವಾಸದ ಅತಿ ಮುಖ್ಯ ಸಂಗತಿ ಈ ಹೊತ್ತಗೆ. ಬೇಡಿ ಎಲ್ಲರ ಕಾಲಿಗೂ ಇತ್ತು. ಪಕ್ಕದವನು ಹೇಗೆ ಬೈಯುತ್ತಾನೆ ಎಂದು ಕಿವಿಗೊಟ್ಟು ಬರೆದಿಟ್ಟವನು ಇವನು.

ಅದೇ ಬರಾಕಿನಲ್ಲಿ ಇಲ್ಯಿನ್‌ಸ್ಕಿ ಎಂಬ ಮಾಜಿ ಸೇನಾಧಿಕಾರಿಯೊಬ್ಬನಿದ್ದ. ಆಸ್ತಿಗಾಗಿ ತಂದೆಯನ್ನು ಕೊಂದವನೆಂದು ಶಿಕ್ಷೆಯಾಗಿತ್ತು. ಆಸಾಮಿ ಉಲ್ಲಾಸಿ, ಉಡಾಫೆ ಮನುಷ್ಯ. ತಂದೆಯ ಮಾತನ್ನು ಸಲೀಸಾಗಿ ಎತ್ತುತ್ತಿದ್ದ. ಈ ಸೆರೆವಾಸದ ಮೇಲೆ ಬರೆದ ‘ಸತ್ತವರ ಮನೆಯ ಟಿಪ್ಪಣಿಗಳು’ ಧಾರಾವಾಹಿಯಾಗಿ ಬರುವಾಗ, ಆರಂಭದ ಅಧ್ಯಾಯದಲ್ಲಿ ದಾಸ್ತೋವ್ಸ್ಕಿ ಹೆಸರು ಹೇಳದೆ ಅವನನ್ನು ಪಿತೃಘಾತಕನೆಂದೇ ಚಿತ್ರಿಸಿದ. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಸೈಬೀರಿಯಾದಿಂದ ಸುದ್ದಿ ಬಂದಿತ್ತು: ನಿಜವಾದ ಕೊಲೆಗಾರರು ಸಿಕ್ಕರು, ಈತ ಹತ್ತು ವರ್ಷ ನಿರಪರಾಧಿಯಾಗಿಯೇ ಶಿಕ್ಷೆ ಅನುಭವಿಸಿದ್ದ. ಅದೇ ಪುಸ್ತಕದೊಳಗೆ ಅವನು ತಿದ್ದುಪಡಿ ಬರೆದ. ಅಲ್ಲಿಗೆ ಮುಗಿಯಲಿಲ್ಲ. 1879ರಲ್ಲಿ, ಅಂದರೆ ಇಲ್ಯಿನ್‌ಸ್ಕಿಯನ್ನು ಕಂಡ ಹೆಚ್ಚುಕಡಿಮೆ ಮೂವತ್ತು ವರ್ಷಗಳ ಮೇಲೆ, ಅವನು ದ್ಮಿತ್ರಿ ಕರಮಜೋವ್ ಆಗಿ ಎದ್ದುಬಂದ: ಮಾಡದ ಪಿತೃಹತ್ಯೆಗಾಗಿ ಶಿಕ್ಷೆಗೊಳಗಾಗುವ ಮಾಜಿ ಸೇನಾಧಿಕಾರಿ. ಮೂವತ್ತು ವರ್ಷ ಒಬ್ಬ ಮನುಷ್ಯನ ನಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ‘ನಾನು ಇವನನ್ನು ಹೇಗೆ ತಪ್ಪಾಗಿ ಓದಿದೆ?’ ಎಂದು ಕೇಳಿಕೊಳ್ಳುತ್ತಲೇ ಇರುವುದನ್ನು ನೋವು ಅನ್ನಲಾಗದು, ತಾಳ್ಮೆ ಎನ್ನಬೇಕು.

ಮೂರ್ಛೆರೋಗದ ಬಗ್ಗೆ ಎರಡೇ ಮಾತು. ತಂದೆಯ ಸಾವಿಗೂ ಈ ರೋಗಕ್ಕೂ ಗಂಟುಹಾಕಿ 1928ರಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಒಂದು ಪ್ರಬಂಧ ಬರೆದ. ಓದಲು ಸೊಗಸಾಗಿದೆ, ನಂಬಲು ಕಷ್ಟ. ರೋಗವು ಮೂರ್ಛೆಯೆಂದು ಖಚಿತವಾದದ್ದು ಸೈಬೀರಿಯಾದಲ್ಲಿ, ತಂದೆ ಸತ್ತು ಹತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ. ಜೀತದಾಳುಗಳು ತಂದೆಯನ್ನು ಕೊಂದರೆಂಬ ಕಥೆಗೂ ಗಟ್ಟಿ ಆಧಾರವಿಲ್ಲ.

ಇನ್ನು ಸಾಲ. 1864 ಅವನ ಪಾಲಿಗೆ ಕರಾಳ ವರ್ಷ: ಏಪ್ರಿಲ್‌ನಲ್ಲಿ ಮೊದಲ ಹೆಂಡತಿ ಮರಿಯಾ, ಜುಲೈನಲ್ಲಿ ಅಣ್ಣ ಮಿಖಾಯಿಲ್ ತೀರಿಕೊಂಡರು. ಅಣ್ಣತಮ್ಮಂದಿರು ಸೇರಿ ನಡೆಸುತ್ತಿದ್ದ ಪತ್ರಿಕೆ ಮರುವರ್ಷ ಮುಳುಗಿತು. ಅಣ್ಣನ ಸಾಲವನ್ನೂ ಸಂಸಾರವನ್ನೂ ಇವನು ಹೆಗಲಿಗೆ ಹಾಕಿಕೊಂಡ. ಕಾನೂನು ಬಲವಂತ ಮಾಡಿರಲಿಲ್ಲ, ಅಭಿಮಾನ ಮಾಡಿಸಿತು. ಸಾಲ ತೀರಿಸಿ ಸ್ವತಂತ್ರನಾಗುವುದಾದರೆ ಇನ್ನೊಮ್ಮೆ ಅಷ್ಟೇ ವರ್ಷ ಸೆರೆಗೆ ಹೋಗಲೂ ಸಿದ್ಧ ಎಂದು ಗೆಳೆಯ ವ್ರಾಂಗೆಲ್‌ಗೆ ಬರೆದ. ಕೈದಿಗಳ ಬಗ್ಗೆ ಬರೆಯುವಾಗ ಹಣವನ್ನು ‘ಟಂಕಿಸಿದ ಸ್ವಾತಂತ್ರ್ಯ’ ಎಂದು ಕರೆದವನು ಇವನೇ. ಆ ನುಡಿಯ ತೂಕ ಈಗ ತಿಳಿದಿರಬೇಕು.

ಸಾಲವು ಅವನನ್ನು ಅವಸರದಲ್ಲಿ ಬರೆಸಿತು, ಅವಸರವನ್ನು ಅವನು ದ್ವೇಷಿಸಿದ. ಅವನ ಕಾಲದ ಇನ್ನೊಬ್ಬ ಕಾದಂಬರಿಕಾರ ತುರ್ಗೆನೆವ್‌ಗೆ ಒಂದು ಫಾರಂಗೆ, ಅಂದರೆ ಅಚ್ಚಾದ 16 ಪುಟಗಳಿಗೆ, 400 ರೂಬಲ್, ತನಗೆ 100. ಅವನಿಗಿಂತ ನಾನು ಕೀಳಾಗಿ ಬರೆಯುತ್ತೇನೆಂದು ಒಪ್ಪುತ್ತೇನೆ, ಆದರೆ ಅಷ್ಟೊಂದು ಕೀಳಾಗಿ ಅಲ್ಲವಲ್ಲ ಎಂದು ಅಣ್ಣನ ಹತ್ತಿರ ಗೊಣಗಿದ್ದ. ತುರ್ಗೆನೆವ್ ಎರಡು ಸಾವಿರ ಜೀತದಾಳುಗಳ ಒಡೆಯ, ನಿಧಾನವಾಗಿ ತಿದ್ದಿ ತೀಡಬಲ್ಲ; ತಾನು ಮೊದಲ ಕಂತು ಅಚ್ಚಾಗುತ್ತಿರುವಾಗ ಮೂರನೆಯ ಕಂತು ಯೋಚಿಸಬೇಕು. ಈ ಅಸೂಯೆಯನ್ನು ನಾನು ಕ್ಷಮಿಸಿಬಿಡುತ್ತೇನೆ.

ನೀವು ಓದಿದ ಕಾದಂಬರಿಯ ಜನ್ಮವನ್ನೇ ನೋಡಿ. 1865ರ ಬೇಸಗೆಯಲ್ಲಿ ಜರ್ಮನಿಯ ವೀಸ್‌ಬಾಡೆನ್‌ನ ರೂಲೆಟ್ ಜೂಜಿನ ಮೇಜಿನಲ್ಲಿ ಇದ್ದದ್ದನ್ನೆಲ್ಲ ಕಳೆದ. ಹೋಟೆಲಿನವರು ಊಟ ನಿಲ್ಲಿಸಿ ಬರೀ ಚಹಾ ಕೊಡತೊಡಗಿದರು. ಆ ಕೋಣೆಯಿಂದಲೇ ‘ರೂಸ್ಕಿ ವೆಸ್ತ್ನಿಕ್’ ಪತ್ರಿಕೆಯ ಸಂಪಾದಕ ಕತ್ಕೊವ್‌ಗೆ, ಬಡ್ಡಿಯ ಮುದುಕಿಯನ್ನು ಕೊಲ್ಲುವ ವಿದ್ಯಾರ್ಥಿಯ ಕಥೆಯ ಹೊಳಹು ಬರೆದು ಮುಂಗಡ ಕೇಳಿದ. 300 ರೂಬಲ್ ಬಂತು. ಇಲ್ಲಿಯವರೆಗೆ ನೀವು ಕೇಳಿದ ದಂತಕಥೆಗೆ ಇದು ಚೆನ್ನಾಗಿ ಹೊಂದುತ್ತದೆ. ಮುಂದಿನದು ಹೊಂದುವುದಿಲ್ಲ. ನವೆಂಬರ್ ಹೊತ್ತಿಗೆ ಬಹುಪಾಲು ಸಿದ್ಧವಾಗಿದ್ದ ಬರಹವನ್ನು ಅವನು ಸುಟ್ಟುಹಾಕಿದ. ಕೊಲೆಗಾರನೇ ‘ನಾನು’ ಎಂದು ಹೇಳಿಕೊಳ್ಳುವ ರೂಪ ಅವನಿಗೆ ಒಗ್ಗಲಿಲ್ಲ. ಆ ವಿದ್ಯಾರ್ಥಿ ರಸ್ಕೊಲ್ನಿಕೊವ್‌ನ ತಲೆಯೊಳಗೇ ಇದ್ದೂ ಅವನಲ್ಲದ ಒಂದು ದನಿ ಬೇಕಿತ್ತು. ಅದನ್ನು ಹುಡುಕಿಕೊಂಡು ಮೊದಲಿನಿಂದ ಆರಂಭಿಸಿದ. 1866ರ ಜನವರಿಯಲ್ಲಿ ಮೊದಲ ಕಂತು ಅಚ್ಚಾಯಿತು. ಎರಡು ವರ್ಷಗಳ ನಂತರ ‘ಮೂಢ’ ಬರೆಯುವಾಗಲೂ ಹಾಗೆಯೇ, ಪರದೇಶದಲ್ಲಿ ಕೈಯಲ್ಲಿ ಕಾಸಿಲ್ಲದಿರುವಾಗ ಮೊದಲ ಕರಡುಗಳನ್ನು ಎಸೆದು ಹೊಸದಾಗಿ ತೊಡಗಿದ. ಸಾಲಗಾರರು ಬಾಗಿಲಲ್ಲಿ ನಿಂತಿದ್ದಾಗ ಬರೆದ ಪುಟಗಳನ್ನು ಒಲೆಗೆ ಹಾಕುವ ಧೈರ್ಯ ಎಷ್ಟು ಜನಕ್ಕಿದೆ? ಸಾಲ ಹೇಳುತ್ತಿದ್ದುದು ‘ಬೇಗ ಮುಗಿಸು’ ಎಂದು; ಅವನೊಳಗಿನ ಕಸುಬುದಾರ ‘ಇಲ್ಲ’ ಎಂದ.

‘ಅಪರಾಧ ಮತ್ತು ಶಿಕ್ಷೆ’ ಬರೆಯುತ್ತಿದ್ದ ಕಾಲದಲ್ಲೇ ಇನ್ನೊಂದು ಉರುಳು ಕೊರಳಲ್ಲಿತ್ತು. ಸ್ತೆಲ್ಲೊವ್‌ಸ್ಕಿ ಎಂಬ ಪ್ರಕಾಶಕ 3,000 ರೂಬಲ್ ಕೊಟ್ಟು ಒಪ್ಪಂದ ಬರೆಸಿಕೊಂಡಿದ್ದ. 1866ರ ನವೆಂಬರ್ 1ರೊಳಗೆ ಹೊಸ ಕಾದಂಬರಿ ಕೊಡದಿದ್ದರೆ ಒಂಬತ್ತು ವರ್ಷ ದಾಸ್ತೋವ್ಸ್ಕಿ ಬರೆದದ್ದನ್ನೆಲ್ಲ ಬಿಡಿಗಾಸು ಕೊಡದೆ ಅಚ್ಚುಹಾಕುವ ಹಕ್ಕು ಅವನದು. ಆ ಆಸಾಮಿ ದಾಸ್ತೋವ್ಸ್ಕಿಯ ಸಾಲಪತ್ರಗಳನ್ನು ಅಗ್ಗದಲ್ಲಿ ಕೊಂಡು ಬೇರೆಯವರ ಮೂಲಕ ವಸೂಲಿಗೆ ಬಿಟ್ಟು, ಕೊಟ್ಟ ಹಣದ ಬಹುಭಾಗವನ್ನು ಹಿಂದಕ್ಕೆ ಪಡೆದನೆಂದು ಆಮೇಲೆ ಗೊತ್ತಾಯಿತು. ಅಕ್ಟೋಬರ್ ಬಂದರೂ ಒಂದು ಸಾಲೂ ಬರೆದಾಗಿರಲಿಲ್ಲ. ನಾವು ಆಳಿಗೊಂದು ಅಧ್ಯಾಯ ಬರೆದುಕೊಡುತ್ತೇವೆ ಎಂದು ಗೆಳೆಯರು ಮುಂದೆ ಬಂದರು. ಬೇರೆಯವರ ಬರಹಕ್ಕೆ ನನ್ನ ಹೆಸರು ಹಾಕಲಾರೆ ಎಂದ. ಆಗ ಶೀಘ್ರಲಿಪಿಗಾರರನ್ನು ಇಟ್ಟುಕೋ ಎಂಬ ಸಲಹೆ ಬಂತು. ಅಕ್ಟೋಬರ್ 4ರಂದು ಬಾಗಿಲು ತಟ್ಟಿದವಳು ಇಪ್ಪತ್ತು ವರ್ಷದ ಅನ್ನಾ ಗ್ರಿಗೊರ್ಯೆವ್ನಾ ಸ್ನಿತ್ಕಿನಾ.

ಮಧ್ಯಾಹ್ನ ಅವನು ಹೇಳುವುದು, ಆಕೆ ಬರೆದುಕೊಳ್ಳುವುದು. ರಾತ್ರಿ ಮನೆಯಲ್ಲಿ ಆಕೆ ಅದನ್ನು ಬಿಡಿಸಿ ಚೊಕ್ಕವಾಗಿ ನಕಲು ಮಾಡುವುದು. 26 ದಿನಗಳಲ್ಲಿ ‘ಜೂಜುಕೋರ’ ಮುಗಿಯಿತು. ಒಪ್ಪಿಸಲು ಹೋದರೆ ಪ್ರಕಾಶಕ ಊರಲ್ಲಿಲ್ಲ, ಕಚೇರಿಯವರು ತೆಗೆದುಕೊಳ್ಳಲೊಲ್ಲರು! ಹೀಗಾಗಬಹುದೆಂದು ಅನ್ನಾ ಮೊದಲೇ ವಿಚಾರಿಸಿಟ್ಟಿದ್ದರಿಂದ, ಅವನು ಹಸ್ತಪ್ರತಿಯನ್ನು ರಾತ್ರಿ ಪೊಲೀಸ್ ಠಾಣೆಯಲ್ಲಿ ಕೊಟ್ಟು ರಸೀದಿ ಪಡೆದ. ಕೆಲವೇ ದಿನಗಳಲ್ಲಿ, ವಯಸ್ಸಾದ ಕಲಾವಿದನೊಬ್ಬ ಅನ್ಯಾ ಎಂಬ ಎಳೆ ಹುಡುಗಿಯನ್ನು ಪ್ರೀತಿಸುವ ಕಾದಂಬರಿಯ ಕಥೆ ಹೇಳುವ ನೆಪದಲ್ಲಿ, ಆ ಹುಡುಗಿ ಒಪ್ಪಿಯಾಳೇ ಎಂದು ಕೇಳಿದ. 1867ರ ಫೆಬ್ರವರಿಯಲ್ಲಿ ಮದುವೆ.

ನನ್ನನ್ನು ಕೇಳಿದರೆ ದಾಸ್ತೋವ್ಸ್ಕಿಯ ಬದುಕನ್ನು ಎರಡು ಹೋಳು ಮಾಡುವ ಗೆರೆ ಸೆಮ್ಯೊನೊವ್‌ಸ್ಕಿ ಚೌಕವಲ್ಲ, ಈ ಅಕ್ಟೋಬರ್ 4. ಮೊದಲ ನಾಲ್ಕು ವರ್ಷಗಳೇನೂ ಸುಖದವಲ್ಲ. ಸಾಲಗಾರರಿಗೆ ಹೆದರಿ ಡ್ರೆಸ್ಡೆನ್, ಬಾಡೆನ್, ಜಿನೀವಾ, ಫ್ಲಾರೆನ್ಸ್ ಎಂದು ಅಲೆದರು. ಅನ್ನಾಳ ಓಲೆ, ಉಡುಪು, ಮದುವೆಯ ಉಂಗುರ ಎಲ್ಲವೂ ಒತ್ತೆಯ ಅಂಗಡಿ ಕಂಡವು. ಮೊದಲ ಮಗು ಸೋನ್ಯಾ ಮೂರು ತಿಂಗಳಿಗೆ ಜಿನೀವಾದಲ್ಲಿ ತೀರಿಕೊಂಡಿತು, ಆ ದುಃಖದಲ್ಲೂ ‘ಮೂಢ’ದ ಕಂತು ಕಳಿಸಬೇಕಿತ್ತು. ಕೊನೆಗೆ ಅವನು ಒಪ್ಪಿಕೊಂಡಿದ್ದು: ಹೇಳಬೇಕೆಂದಿದ್ದರಲ್ಲಿ ಹತ್ತರಲ್ಲೊಂದು ಪಾಲೂ ಹೇಳಲಾಗಲಿಲ್ಲ. ಸಂಕಟವೇ ಕೃತಿಯನ್ನು ಎತ್ತರಿಸುತ್ತದೆ ಎನ್ನುವವರು ಈ ಮಾತಿನ ಮುಂದೆ ಒಂದು ಗಳಿಗೆ ನಿಲ್ಲಲಿ. 1871ರ ಏಪ್ರಿಲ್‌ನಲ್ಲಿ ವೀಸ್‌ಬಾಡೆನ್‌ನಲ್ಲಿ ಕೊನೆಯ ಸಲ ಸೋತು, ಇನ್ನು ಆಡುವುದಿಲ್ಲ ಎಂದು ಅನ್ನಾಗೆ ಬರೆದ. ಹಾಗೆ ಅವನು ಬರೆದದ್ದು ಅದೇ ಮೊದಲಲ್ಲ. ಮಾತು ಉಳಿಸಿಕೊಂಡದ್ದು ಆ ಸಲ.

ಪೀಟರ್ಸ್‌ಬರ್ಗಿಗೆ ಮರಳಿದ ಮೇಲೆ ಅನ್ನಾ ಲೆಕ್ಕದ ಪುಸ್ತಕ ಕೈಗೆ ತೆಗೆದುಕೊಂಡಳು. ಸಾಲಗಾರರ ಜೊತೆ ತಾನೇ ಮಾತಾಡಿದಳು. 1873ರಲ್ಲಿ ‘ದೆವ್ವಗಳು’ ಕಾದಂಬರಿಯನ್ನು ಪ್ರಕಾಶಕರ ಹಂಗಿಲ್ಲದೆ 3,500 ಪ್ರತಿ ಅಚ್ಚುಹಾಕಿಸಿ ಮನೆಯಿಂದಲೇ ಮಾರಿದಳು. ಪುಸ್ತಕದಂಗಡಿಯ ಆಳುಗಳು ಬಾಗಿಲಿಗೆ ಬಂದು ‘ಹತ್ತು ದೆವ್ವ ಕೊಡಿ’ ಎನ್ನುತ್ತಿದ್ದುದನ್ನು ಆಕೆ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಆ ಕಾಲದಲ್ಲಿ ಲೇಖಕನ ಮನೆಯವರೇ ಪುಸ್ತಕ ವ್ಯಾಪಾರಕ್ಕೆ ಇಳಿಯುವುದು ಅಪರೂಪ.

‘ಕರಮಜೋವ್ ಸಹೋದರರು’ ಹುಟ್ಟಿದ್ದು ಈ ನೆಲೆ ನಿಂತ ಮನೆಯಲ್ಲಿ. ಚಳಿಗಾಲ ಪೀಟರ್ಸ್‌ಬರ್ಗ್, ಬೇಸಗೆಗೆ ಸ್ತಾರಯಾ ರೂಸ್ಸಾ ಎಂಬ ಸಣ್ಣ ಊರು. ರೂಲೆಟ್ ಇಲ್ಲ, ಓಡಾಟವಿಲ್ಲ, ಸಾಲ ತೀರುತ್ತಾ ಬಂದಿತ್ತು. ರಾತ್ರಿ ಕಡುಚಹಾ ಕುಡಿಯುತ್ತಾ ಬರೆಯುವುದು, ಹಗಲು ಅನ್ನಾಗೆ ಹೇಳಿ ಬರೆಸುವುದು. ಅವನ ಅತಿ ದೊಡ್ಡ ಕೃತಿ ಅವನ ಅತಿ ನೆಮ್ಮದಿಯ ವರ್ಷಗಳ ಫಲ. ದಂತಕಥೆ ಹೇಳುವವರು ಇದನ್ನು ಏಕೆ ಬಿಟ್ಟುಬಿಡುತ್ತಾರೋ!

ಆ ನೆಮ್ಮದಿಯೊಳಗೂ ಒಂದು ಬರಸಿಡಿಲು ಬಿತ್ತು, ಅದನ್ನು ಮುಚ್ಚಿಡಲಾರೆ. 1878ರ ಮೇ ತಿಂಗಳಲ್ಲಿ ಮೂರು ವರ್ಷ ತುಂಬದ ಮಗ ಅಲ್ಯೋಷ ಮೂರ್ಛೆ ಬಂದು ತೀರಿಕೊಂಡ. ತಂದೆಯ ರೋಗವೇ ಮಗನಿಗೆ ಬಂದಿತ್ತು. ಅನ್ನಾಳ ಒತ್ತಾಯದ ಮೇಲೆ, ತತ್ವಜ್ಞಾನಿ ವ್ಲದೀಮಿರ್ ಸೊಲೊವ್ಯೋವ್ ಜೊತೆಗೆ ಅವನು ಓಪ್ತಿನಾ ಮಠಕ್ಕೆ ಹೋಗಿ ಹಿರಿಯ ಸನ್ಯಾಸಿ ಅಂಬ್ರೋಸಿಯನ್ನು ಕಂಡುಬಂದ. ಕಾದಂಬರಿಯಲ್ಲಿ ಸನ್ಯಾಸಿ ಜೊಸಿಮಾನ ಬಳಿಗೆ ರೈತ ಹೆಂಗಸೊಬ್ಬಳು ಬರುತ್ತಾಳೆ. ಮೂರು ವರ್ಷಕ್ಕೆ ಮೂರೇ ತಿಂಗಳು ಕಡಿಮೆ ಇದ್ದ ಮಗ ಸತ್ತಿದ್ದಾನೆ, ಅವನ ಹೆಸರು ಅಲೆಕ್ಸೇಯ್. ಪುಟ್ಟ ಕಾಲುಗಳ ಸದ್ದು ಒಮ್ಮೆ ಕೇಳಿದರೆ ಸಾಕೆಂದು ಅಳುತ್ತಾಳೆ. ಸನ್ಯಾಸಿ ಅವಳಿಗೆ ಸಮಾಧಾನ ಮಾಡಿಕೋ ಎನ್ನುವುದಿಲ್ಲ, ಅಳು ಎನ್ನುತ್ತಾನೆ. ಇಲ್ಲಿ ನೋವು ನಿಜಕ್ಕೂ ಪುಟಕ್ಕೆ ಬಂದಿದೆ. ಆದರೆ ಹೇಗೆ ಬಂದಿದೆ ನೋಡಿ: ಗಂಡಸಿನ ದುಃಖ ಹೆಂಗಸಿನ ಬಾಯಲ್ಲಿ, ಪಟ್ಟಣದ ಲೇಖಕನದು ಹಳ್ಳಿಯವಳ ಮಾತಿನ ಧಾಟಿಯಲ್ಲಿ. ಓಮ್ಸ್ಕ್‌ನ ಆ ಹೊತ್ತಗೆ ಹಿಡಿದ ಕಿವಿಯಿಲ್ಲದೆ ಇದು ಆಗುತ್ತಿರಲಿಲ್ಲ.

ಅವನನ್ನು ಸಂತನನ್ನಾಗಿ ಮಾಡಿಕೊಳ್ಳಬೇಡಿ ಎಂದೂ ಹೇಳಬೇಕು. ತಾನೇ ಹೊರಡಿಸುತ್ತಿದ್ದ ‘ಲೇಖಕನ ದಿನಚರಿ’ ಪತ್ರಿಕೆಯಲ್ಲಿ ಯಹೂದಿಗಳ ಬಗ್ಗೆ 1877ರಲ್ಲಿ ಬರೆದದ್ದು ಹಗೆಯ ಬರಹ, ಅದಕ್ಕೆ ನೆಪ ಹುಡುಕುವ ಅಗತ್ಯವಿಲ್ಲ. ಕಾನ್‌ಸ್ಟಾಂಟಿನೋಪಲ್ ರಷ್ಯಾದ್ದಾಗಲೇಬೇಕು ಎಂದು ಹಟ ಹಿಡಿದ ಪುಟಗಳೂ ಅಲ್ಲೇ ಇವೆ. ನೋವು ಮನುಷ್ಯನನ್ನು ಉದಾತ್ತನನ್ನಾಗಿಸುತ್ತದೆ ಎಂಬ ನಂಬಿಕೆಗೆ ಇವೇ ಉತ್ತರ. ವಿಚಿತ್ರವೆಂದರೆ ಪ್ರಬಂಧಕಾರನಾಗಿ ಇಷ್ಟು ಖಡಾಖಂಡಿತವಾಗಿ ಮಾತಾಡುವವನು ಕಾದಂಬರಿಕಾರನಾದ ಕೂಡಲೇ ಎದುರಾಳಿಗೆ ತನಗಿಂತ ಗಟ್ಟಿ ವಾದ ಕೊಟ್ಟುಬಿಡುತ್ತಾನೆ. ದೇವರಲ್ಲಿ ನಂಬಿಕೆಯಿದ್ದ ಲೇಖಕ, ಮಕ್ಕಳ ಕಣ್ಣೀರಿನ ಬೆಲೆ ಕೊಟ್ಟು ಪಡೆಯುವ ಸ್ವರ್ಗ ನನಗೆ ಬೇಡ ಎಂಬ ಇವಾನ್ ಕರಮಜೋವ್‌ನ ಮಾತನ್ನು ಎಷ್ಟು ಬಲವಾಗಿ ಬರೆದನೆಂದರೆ, ಅದಕ್ಕೆ ತಕ್ಕ ಉತ್ತರ ತನ್ನಿಂದಾದೀತೇ ಎಂದು ಅವನಿಗೇ ದಿಗಿಲಾಯಿತು. ಆ ಕಾದಂಬರಿಯ ಕೊನೆಯ ಕಂತು ಅಚ್ಚಾಗಿ ಮೂರು ತಿಂಗಳೂ ಕಳೆದಿರಲಿಲ್ಲ, 1881ರ ಜನವರಿ 28ರಂದು ಶ್ವಾಸಕೋಶದ ರಕ್ತಸ್ರಾವದಿಂದ ತೀರಿಕೊಂಡ.

ಈಗ ನಿಮ್ಮ ಬರವಣಿಗೆ. ನಿಮಗೆ ಸೈಬೀರಿಯಾ ಬೇಕಾಗಿಲ್ಲ. ಬೇಕಿರುವುದು ಆ ಹೊತ್ತಗೆ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ನೆಂಟರ ಮನೆಯ ಜಗಳದಲ್ಲಿ ಜನ ಆಡುವ ಮಾತನ್ನು ಅವರು ಆಡಿದ ಹಾಗೆಯೇ ಬರೆದಿಡಿ. ಆಮೇಲೆ ಬರೆದದ್ದು ಸರಿಬರದಿದ್ದರೆ ಸುಡಿ.

ಓದುವುದಕ್ಕೆ ಮುಂದಿನ ಪುಸ್ತಕವಾಗಿ ‘ಸತ್ತವರ ಮನೆಯ ಟಿಪ್ಪಣಿಗಳು’ ತೆಗೆದುಕೊಳ್ಳಿ. ಅನೇಕರು ‘ಬಿಳಿಯ ರಾತ್ರಿಗಳು’ ಸೂಚಿಸುತ್ತಾರೆ, ಅದು ತೆಳ್ಳಗಿದೆ ಎಂಬುದೇ ಕಾರಣ. ಚೆಂದದ ಕಥೆ, ಆದರೆ ಅದರಿಂದ ಈ ಲೇಖಕನ ಅಂದಾಜು ಸಿಗದು. ‘ಸತ್ತವರ ಮನೆ’ಯಲ್ಲಿ ಕೈದಿಗಳು ಬೇಡಿ ಬಿಚ್ಚದೆ ಸ್ನಾನ ಮಾಡುವ ಹಬೆಮನೆಯ ಅಧ್ಯಾಯ, ಕ್ರಿಸ್ಮಸ್‌ಗೆ ಅವರು ಆಡುವ ನಾಟಕದ ಅಧ್ಯಾಯ ಎರಡನ್ನೂ ಅವಸರ ಮಾಡದೆ ಓದಿ. ಅದಾದ ಮೇಲೆ ‘ಕರಮಜೋವ್’. ಹೆಸರುಗಳಿಗೆ ಹೆದರಬೇಡಿ. ರಷ್ಯನ್ನರು ಗೌರವದಿಂದ ಕರೆಯುವಾಗ ಹೆಸರಿನ ಜೊತೆ ತಂದೆಯ ಹೆಸರು ಸೇರಿಸುತ್ತಾರೆ, ಸಲುಗೆಯಲ್ಲಿ ಮೊಟಕು ಮಾಡುತ್ತಾರೆ. ದ್ಮಿತ್ರಿ ಫ್ಯೋದೊರೊವಿಚ್, ಮಿತ್ಯಾ, ಮಿತೆಂಕಾ ಮೂವರೂ ಒಬ್ಬನೇ. ಒಂದು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ, ನೂರು ಪುಟ ದಾಟುವಷ್ಟರಲ್ಲಿ ಚೀಟಿ ಬೇಡವಾಗುತ್ತದೆ. ಅಷ್ಟು ದಪ್ಪದ ಪುಸ್ತಕಕ್ಕೆ ಈಗ ಬಿಡುವಿಲ್ಲದಿದ್ದರೆ ಮೊದಲ ಭಾಗದೊಳಗಿನ ಎರಡನೆಯ ‘ಪುಸ್ತಕ’ದ ಮೂರನೆಯ ಅಧ್ಯಾಯವನ್ನಾದರೂ ಓದಿ. ಮಗನನ್ನು ಕಳೆದುಕೊಂಡ ಆ ಹೆಂಗಸು ಬರುವುದು ಅಲ್ಲಿ.